ಆರಡಿ ಮುದ್ದಯ್ಯನವರ ವಿಮಾನ

ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಈಗಲೇ ವಾಚು ನೋಡಿಕೊಳ್ಳುತ್ತಿರುವ ತಿಮ್ಮರಾಜು ಅವರೇ, ಬೆಂಗಳೂರಿನಿಂದ ಬಂದಿರುವ ಮುಖ್ಯ ಅತಿಥಿಗಳಾದ ಕಾಂತೇಶ್ ಅವರೇ, ಗುಬ್ಬಿ, ಕುಣಿಗಲ್ ಕಡೆಯಿಂದ ಬಸ್ಸು ಹಿಡಿದು, ಶಿರಾ ಗೇಟಿನ ಟ್ರಾಫಿಕ್ಕನ್ನೂ ದಾಟಿ ಬಂದಿರುವ, ಹಳೇ ವಿಮಾನಗಳ ಹುಚ್ಚು ಹಿಡಿದ ನನ್ನ ಪ್ರೀತಿಯ ಸಭಿಕರೇ, ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಕೂತಿರುವ ನಮ್ಮ ತಾಯಿ ಹೊಂಬಾಳಮ್ಮನವರೇ,

ನಮ್ಮ ಹಳೇ ವಿಮಾನಗಳ ಬಳಗದ ಕಾರ್ಯದರ್ಶಿ ಅಂತ ನನಗೆ ಕೊಟ್ಟಿರುವುದು ಐದು ನಿಮಿಷ. ಪಾಲಿಟೆಕ್ನಿಕ್ಕಿನಲ್ಲಿ ಜೀವಮಾನವೆಲ್ಲ ಪಾಠ ಮಾಡಿದವನು, ಮೈಕು ಸಿಕ್ಕರೆ ಸುಲಭಕ್ಕೆ ಬಿಡುವ ಪೈಕಿ ಅಲ್ಲ. ಇವತ್ತಂತೂ ಬಿಡಲು ಮನಸ್ಸೇ ಇಲ್ಲ. ಯಾಕೆಂದರೆ ನಾನು ಕೂತ ಮೇಲೆ ಕಾಂತೇಶ್ ಅವರು ಮಾತಾಡುತ್ತಾರೆ. ಇರಲಿ, ಆಮೇಲೆ ಹೇಳುತ್ತೇನೆ.

ಹೊರಗೆ ಮೈದಾನದಲ್ಲಿ ನಿಂತಿರುವ ವಿಮಾನ ನೋಡಿದಿರಿ ತಾನೆ? ಮೇಲೊಂದು ಕೆಳಗೊಂದು ರೆಕ್ಕೆ, ಮುಂದೆ ಮರದ ಫ್ಯಾನು. ಹಾರುವುದಿಲ್ಲ, ಹಳೆಯದರ ಪಡಿಯಚ್ಚು ಅಷ್ಟೆ. ಗುಬ್ಬಿಯಲ್ಲಿ ತಿಮ್ಮರಾಜು ಅವರ ಕೊಬ್ಬರಿ ಗೋದಾಮಿನಲ್ಲಿ ಪ್ರತಿ ಭಾನುವಾರ ಸೇರಿ ನಾಲ್ಕು ವರ್ಷ ಮಾಡಿದೆವು. ಹುತ್ರಿದುರ್ಗದ ಕದರಯ್ಯ ಮರಗೆಲಸ ನೋಡಿಕೊಂಡರು, ನಾನು ಲೆಕ್ಕ ನೋಡಿಕೊಂಡೆ, ಮಿಕ್ಕವರು ಜಗಳ ನೋಡಿಕೊಂಡರು.

ನಕ್ಷೆ ಎಲ್ಲಿಂದ ತಂದಿರಿ ಅಂತ ಕೇಳುತ್ತಾರೆ. ನಕ್ಷೆ ಎಲ್ಲಿತ್ತು? ಒಂದು ಫೋಟೋ ಇತ್ತು. ನಮ್ಮ ತಾಯಿ ಐದು ವರ್ಷದ ಮಗುವಾಗಿದ್ದಾಗ, ಕಡಬದ ಕೆರೆ ಒಣಗಿದ್ದ ವರ್ಷ, ಎಂಜಿನ್ ಕೆಟ್ಟ ಒಂದು ವಿಮಾನ ಕೆರೆಯಂಗಳದಲ್ಲಿ ಇಳಿಯಿತಂತೆ. ಕೆರೆಯ ತೂಬು ನೋಡಿಕೊಳ್ಳುವ ನೀರಗಂಟಿ ನಮ್ಮ ತಾತ, ಅಮ್ಮನ ಅಪ್ಪ ಮುದ್ದಯ್ಯನವರು. ರಿಪೇರಿಯವರು ಬರುವ ತನಕ, ದನ ಬಂದು ರೆಕ್ಕೆಯ ಬಟ್ಟೆ ತಿನ್ನದ ಹಾಗೆ ಅವರೇ ಕಾದರು. ಪೈಲಟ್ ಖುಷಿಯಾಗಿ ತಾತನನ್ನು ಫ್ಯಾನಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದು, ಅಂಚೆಯಲ್ಲಿ ಕಳಿಸಿದ.

ಅದು ಯಾವ ವಿಮಾನ? ಬಳಗದಲ್ಲಿ ಹತ್ತು ಜನ, ಹನ್ನೊಂದು ಹೆಸರು ಬಂತು. ಕೊನೆಗೆ ನಾನೇ ಅಂದೆ, ಹೆಸರು ಯಾಕ್ರೀ ಬೇಕು? ಪಕ್ಕದಲ್ಲಿ ಮನುಷ್ಯ ನಿಂತಿದ್ದಾರೆ. ಅವರ ಎತ್ತರ ಗೊತ್ತಾದರೆ ವಿಮಾನದ ಅಳತೆಯೂ ಗೊತ್ತಾದ ಹಾಗೆ. ಮನೆಗೆ ಹೋಗಿ ಅಮ್ಮನನ್ನು ಕೇಳಿದೆ. "ನಮ್ಮಪ್ಪ ಆರಡಿ ಆಳು ಕಣೋ. ಬಾಗ್ಲಲ್ಲಿ ಬಗ್ಗಿ ಒಳೀಕ್ ಬರೋನು" ಅಂದರು. ಆರಡಿ ಹಿಡಿದು ಲೆಕ್ಕ ಹಾಕಿದೆ. ರೆಕ್ಕೆ, ಬಾಲ, ಚಕ್ರ, ಎಲ್ಲಾ.

ಪೈಲಟ್ ಸೀಟಿನಲ್ಲಿ ಕದರಯ್ಯ ಕೂತ ಮೇಲೂ ಪಕ್ಕದಲ್ಲಿ ಊಟದ ಡಬ್ಬಿ ಇಡುವಷ್ಟು ಜಾಗ ಉಳಿಯಿತು. ಆಗಲೇ ಅನುಮಾನ ಬರಬೇಕಿತ್ತೋ ಬೇಡವೋ? ನಾವು ಏನಂದುಕೊಂಡೆವು ಗೊತ್ತೇ? ಆ ಕಾಲದ ಪೈಲಟ್‌ಗಳು ದಪ್ಪ ಇದ್ದಿರಬೇಕು ಅಂತ!

ನಿರೂಪಣೆ ಮಾಡುತ್ತಿರುವ ಶೃತಿ ಚೀಟಿ ಕೊಟ್ಟಿದ್ದಾರೆ. "ಮುಗಿಸಿ ಸಾರ್" ಅಂತ. ಓದಿದೆನಮ್ಮ, ಇಲ್ಲೇ ಇಟ್ಟುಕೊಂಡಿರುತ್ತೇನೆ. ಒಂದು ಗುಟುಕು ನೀರು ಕುಡಿಯುತ್ತೇನೆ.

ಇವತ್ತು ಬೆಳಿಗ್ಗೆ ಕಾಂತೇಶ್ ಅವರು ಬಂದರು. ಬೆಂಗಳೂರಿನ ಪ್ರದರ್ಶನಕ್ಕೆ ವಿಮಾನಗಳನ್ನು ಆರಿಸುವವರು ಅವರೇ. ಬಾಲ ನೋಡಿದ ಕೂಡಲೇ ಇಂಥದ್ದೇ ವಿಮಾನ ಅಂತ ಹೆಸರು ಹೇಳಿಬಿಟ್ಟರು. ನಾನು ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ. ಆಮೇಲೆ ಟೇಪು ತೆಗೆದರು. ರೆಕ್ಕೆಯನ್ನು ಒಂದು ಸಲ ಅಳೆದರು. ಇನ್ನೊಂದು ಸಲ ಅಳೆದರು. "ಅಶ್ವಥ್ ಅವರೇ, ಮೂರೂವರೆ ಅಡಿ ಜಾಸ್ತಿ ಇದೆ. ತಗೊಳ್ಳಕ್ಕೆ ಆಗಲ್ಲ. ವೇದಿಕೆ ಮೇಲೆ ಹೇಳಲೇಬೇಕಾಗುತ್ತೆ" ಅಂದರು. ಅವರದೇನೂ ತಪ್ಪಿಲ್ಲ. ಆದರೂ ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯದೆ ಆ ಟೇಪಿನ ಮೇಲೆ ಬಂತು.

ವಿಮಾನದ ನಿಜವಾದ ಅಳತೆ ಹಿಡಿದು ಲೆಕ್ಕವನ್ನು ಹಿಂದುಮುಂದಾಗಿ ಹಾಕಿ ನೋಡಿದೆ. ನಮ್ಮ ತಾತ ಐದಡಿ ನಾಲ್ಕಿಂಚು.

ಇದನ್ನೆಲ್ಲ ತಾಯಿಯ ಎದುರಿಗೇ ಹೇಳುತ್ತಿದ್ದಾನಲ್ಲ ಅಂತ ನೀವು ನೋಡುತ್ತಿದ್ದೀರಿ. ಈಚೆಗೆ ಅವರಿಗೆ ಕಿವಿ ಪೂರ್ತಿ ಹೋಗಿದೆ. ಮುಖ ನೋಡಿ ತಿಳಿದುಕೊಳ್ಳುತ್ತಾರೆ. ಅದಕ್ಕೇ ನಾನು ಆಗಿನಿಂದ ನಗುನಗುತ್ತಾ ಮಾತಾಡುತ್ತಿರುವುದು. ದವಡೆ ನೋಯುತ್ತಿದೆ ಸ್ವಾಮಿ.

ಅಮ್ಮ ಸುಳ್ಳು ಹೇಳಲಿಲ್ಲ. ತಾತ ತೀರಿಕೊಂಡಾಗ ಅವರಿಗೆ ಏಳು ವರ್ಷ. ಏಳು ವರ್ಷದ ಮಗು ತಲೆ ಎತ್ತಿ ನೋಡಿದರೆ ಯಾವ ಅಪ್ಪ ತಾನೇ ಆರಡಿ ಇರುವುದಿಲ್ಲ? ಹೇಳಿ, ನಿಮ್ಮಲ್ಲಿ ಯಾರ ಅಪ್ಪ ಆರಡಿ ಇರಲಿಲ್ಲ?

ಇವತ್ತು, ಕಾಂತೇಶ್ ಅವರು ಬರುವುದಕ್ಕೆ ಮೊದಲು, ಅಮ್ಮನನ್ನು ಮೊದಲನೇ ಸಲ ವಿಮಾನದ ಹತ್ತಿರ ಕರೆದುಕೊಂಡು ಹೋಗಿದ್ದೆ. ಫೋಟೋದಲ್ಲಿ ತಾತ ನಿಂತಿರುವ ಜಾಗಕ್ಕೆ ಸೀದಾ ಹೋದರು. ಯಾರೂ ನಿಂತಿರದ ಆ ಖಾಲಿ ಜಾಗದಲ್ಲಿ ಕೈಯನ್ನು ಎಟುಕುವಷ್ಟು ಮೇಲಕ್ಕೆತ್ತಿ, "ಇಲ್ಲೀಗಂಟ ಬರೋನು ಕಣೋ. ಸರ್ಯಾಗ್ ಮಾಡಿದೀಯ" ಅಂದರು. ಅವರು ಹಾಗೆ ನಕ್ಕಿದ್ದನ್ನು ನಾನು ಎಷ್ಟು ವರ್ಷದಿಂದ ನೋಡಿರಲಿಲ್ಲವೋ ಏನೋ. ನಾಳೆ ಕಮಿಟಿಯಲ್ಲಿ ರೆಕ್ಕೆ ಕತ್ತರಿಸಿ ಅಳತೆಗೆ ತರೋಣ ಅಂತ ಯಾರಾದರೂ ಎದ್ದರೆ, ನಾನು ಒಪ್ಪುವುದಿಲ್ಲ. ಈಗಲೇ ಹೇಳಿಬಿಟ್ಟೆ.

ತಿಮ್ಮರಾಜು ಅವರು ಬೆಲ್ ಹೊಡೆದರು. ಸರಿ, ಮುಗಿಸುತ್ತೇನೆ.

ಕಾಂತೇಶ್ ಅವರೇ, ಹೇಳಬೇಕಾದ್ದನ್ನು ನೀವು ಹೇಳಿ. ಅಳತೆ ಅಳತೆಯೇ. ಆದರೆ ಸ್ವಲ್ಪ ನಗುತ್ತಾ ಹೇಳಿ. ಸಭಿಕರೇ, ಅವರು ಈ ವಿಮಾನ ಆಯ್ಕೆಯಾಗಿಲ್ಲ ಅನ್ನುವ ಮಾತಿಗೆ ಬರುತ್ತಾರಲ್ಲ, ಆ ಕ್ಷಣಕ್ಕೆ ನೀವೆಲ್ಲ ಎದ್ದು ನಿಲ್ಲಬೇಕು. ಅಮ್ಮ ಹಿಂದಕ್ಕೆ ತಿರುಗಿ ನಿಮ್ಮ ಮುಖ ನೋಡುತ್ತಾರೆ. ಯಾರೂ ಮುಖ ಸಣ್ಣ ಮಾಡಿಕೊಳ್ಳಬೇಡಿ. ಕದರಯ್ಯ, ನೀವು ಮೊದಲು ಕಣ್ಣೊರೆಸಿಕೊಳ್ರಿ. ಕೈ ನೋಯುವ ತನಕ ಚಪ್ಪಾಳೆ ತಟ್ಟಿ.

ಆ ಚಪ್ಪಾಳೆಗೆ ಈಗಲೇ ನಿಮಗೆಲ್ಲ ಧನ್ಯವಾದ ಹೇಳಿ ಕೂರುತ್ತೇನೆ. ನಮಸ್ಕಾರ.