ಬಣ್ಣ ಬೇಡದ ಗಾಲಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನನ್ನು ಇಷ್ಟು ವರ್ಷ ಸಹಿಸಿಕೊಂಡ ಡಿಪೋ ಮ್ಯಾನೇಜರರೇ, ಗಾಲಿ ವಿಭಾಗದ ಸಂಗಡಿಗರೇ, ಮತ್ತು ಈ ಭಾಷಣ ಬೇಗ ಮುಗಿಯಲಿ ಎಂದು ಕಾದು ಕುಳಿತಿರುವ ಸಭಿಕರೇ,

ನಿವೃತ್ತಿಯ ದಿನ ನಾಲ್ಕು ಮಾತಾಡಬೇಕಂತೆ. ಏನು ಮಾತಾಡಲಿ ಎಂದು ಕೇಳಿದ್ದಕ್ಕೆ ಮ್ಯಾನೇಜರರು, "ಬಸ್ಸಿಗೆ ಸ್ಟೀಲ್ ಬಿಟ್ಟು ಅಲ್ಯೂಮಿನಿಯಂ ಗಾಲಿ ಯಾಕೆ ಹಾಕ್ತೀವಿ ಅಂತ ಹೇಳ್ಬಿಡಿ, ಹೊಸಬರಿಗೂ ಗೊತ್ತಾಗ್ಲಿ" ಎಂದರು. ಆಗಲಿ. ಆಯುಷ್ಯವಿಡೀ ಗಾಲಿ ಬಿಚ್ಚಿ ಗಾಲಿ ಕಟ್ಟಿದವನು ನಾನು. ಕಣ್ಣು ಮುಚ್ಚಿದರೂ ಗಾಲಿಯೇ ತಿರುಗುತ್ತದೆ.

ಯಾಕೆ ಅಲ್ಯೂಮಿನಿಯಂ? ಹಗುರ ಎಂಬ ಕಾರಣಕ್ಕೆ. ಗಾಲಿ ಹಗುರಾದರೆ ಡೀಸೆಲ್ ಉಳಿತಾಯ, ನನ್ನ ಸೊಂಟವೂ ಉಳಿತಾಯ. ಸ್ಟಾಪು ಸ್ಟಾಪಿಗೂ ನಿಲ್ಲುವ ಬಸ್ಸಿನ ಬ್ರೇಕು ಕಾದು ಕೆಂಡವಾಗುತ್ತದೆ. ಅಲ್ಯೂಮಿನಿಯಂ ಆ ಬಿಸಿಯನ್ನು ಬೇಗ ಗಾಳಿಗೆ ಬಿಟ್ಟುಬಿಡುತ್ತದೆ. ಮನುಷ್ಯರಿಗೂ ಆ ಗುಣ ಇದ್ದಿದ್ದರೆ! ನಮ್ಮ ಮನೆಯಲ್ಲಿ ಒಬ್ಬರು... ಇರಲಿ, ಅದು ವಿಷಯವಲ್ಲ.

ಇನ್ನು, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ತುಕ್ಕಿಲ್ಲ ಎಂದಮೇಲೆ ಬಣ್ಣ ಬೇಡ.

ಬಣ್ಣ ಬೇಡ. ಎಷ್ಟು ಸಲೀಸಾಗಿ ಹೇಳಿಬಿಟ್ಟೆ, ನೋಡಿ. ಸ್ಟೀಲಿನ ಕಾಲದಲ್ಲಿ ಈ ಡಿಪೋದ ಪ್ರತಿ ಗಾಲಿಗೂ ಬೂದು ಬಣ್ಣ ಹಚ್ಚುತ್ತಿದ್ದ ಪೇಂಟರ್ ಯಾರು? ಮೂರನೇ ಸಾಲಿನಲ್ಲಿ ಬ್ಯಾಗು ಮಡಿಲಲ್ಲಿಟ್ಟುಕೊಂಡು, ನನ್ನನ್ನು ಬಿಟ್ಟು ಫ್ಯಾನು ನೋಡುತ್ತಿರುವ ನನ್ನ ಹೆಂಡತಿ. ಅವಳು ಹಚ್ಚುತ್ತಿದ್ದಳು, ಒಣಗಿದ್ದನ್ನು ನಾನು ಉರುಳಿಸಿಕೊಂಡು ಹೋಗಿ ಕಟ್ಟುತ್ತಿದ್ದೆ. ನಮ್ಮ ಪ್ರೇಮವೆಂದರೆ ಅಷ್ಟೇ. ಸಂಜೆ ಶೆಡ್ಡಿನ ತಗಡಿನ ಸಂದಿಯಿಂದ ಬಿಸಿಲು ಇಳಿದಾಗ ಅವಳ ಕಿವಿಯ ತುದಿಯಲ್ಲಿ ಒಂದು ಬೂದು ಚುಕ್ಕೆ ಮಿನುಗುತ್ತಿತ್ತು. ನಾನು ಹೇಳುತ್ತಿರಲಿಲ್ಲ. ಹೇಳಿದರೆ ಒರೆಸಿಕೊಂಡುಬಿಡುತ್ತಾಳಲ್ಲ!

ಅಲ್ಯೂಮಿನಿಯಂ ಬಂದ ದಿನ, ಇದಕ್ಕೆ ಬಣ್ಣ ಬೇಡವೆಂದು ಅವಳಿಗೆ ಯಾರೂ ಹೇಳಲಿಲ್ಲ. ರೂಢಿಯ ಪ್ರಕಾರ, ಥಳಥಳ ಹೊಳೆಯುವ ಹೊಸ ಗಾಲಿಗೆ ಒಳಗೂ ಹೊರಗೂ ನೀಟಾಗಿ ಬೂದು ಬಳಿದಳು. ಇಡೀ ಡಿಪೋ ಬಿದ್ದು ಬಿದ್ದು ನಕ್ಕಿತು. ಗಾಲಿ ಬಿಗಿಯಾಗಿ ಕೂರುವ ಜಾಗದಲ್ಲಿ ಬಣ್ಣ ನಿಂತರೆ ನಟ್ಟು ಸಡಿಲವಾಗುತ್ತದೆ. ಕೆರೆದು ತೆಗೆಯುವ ಕೆಲಸ ನನ್ನ ಪಾಲಿಗೇ ಬಂತು.

ಮನೆಯಲ್ಲಿ ಕೇಳಿದಳು, "ಎಲ್ಲಾ ಅಳಿಸಿದ್ರಾ?"

"ಅಳಿಸಿದೆ" ಎಂದೆ.

ಆಮೇಲೆ ಅವಳನ್ನು ಬೋರ್ಡು ಬರೆಯಲು ಹಾಕಿದರು. ಅಂದಿನಿಂದ ಅವಳು ನಮ್ಮ ಬಸ್ಸು ಹತ್ತಿಲ್ಲ. ಕರೆದಾಗಲೆಲ್ಲ ಒಂದೇ ಮಾತು: "ನನ್ನ ಕೈ ತಾಕದ ಗಾಲಿ ಮೇಲೆ ನಾನ್ಯಾಕೆ ಕೂರ್ಲಿ? ನೀವು ಹೋಗಿ, ನಾನು ನಡ್ಕೊಂಡು ಬರ್ತೀನಿ." ನಾನು ಕಿಟಕಿಯಲ್ಲಿ, ಅವಳು ಫುಟ್‌ಪಾತಿನಲ್ಲಿ. ಬಸ್ಸು ಅವಳನ್ನು ದಾಟುವಾಗ, ಕೆಳಗೆ ಹೊಳೆಯುವ ಗಾಲಿಯಲ್ಲಿ ಮರ, ಅಂಗಡಿ, ಮೋಡಗಳ ಜೊತೆ ಅವಳೂ ಒಂದು ಕ್ಷಣ ತೇಲಿ ಹೋಗುತ್ತಿರಬಹುದು ಎಂದು ಮೇಲೆ ಕೂತು ಕನಸು ಕಾಣುತ್ತಿದ್ದೆ. ಪಕ್ಕದ ಸೀಟು ಖಾಲಿ ಇರುತ್ತಿತ್ತು. ಬೇಜಾರಾಗುತ್ತಿತ್ತು, ಸಭಿಕರೇ.

ಮ್ಯಾನೇಜರರು ಕೋಪ ಮಾಡಿಕೊಳ್ಳಬಾರದು. ಪೆನ್ಷನ್ ಮಂಜೂರಾಗಿದೆ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ. ನಾನು ಎಲ್ಲವನ್ನೂ ಅಳಿಸಲಿಲ್ಲ. ನಟ್ಟಿನ ಹತ್ತಿರವಲ್ಲ, ಗಾಬರಿಯಾಗಬೇಡಿ. ಅವಳು ಅಂದು ಬಳಿದ ಆ ಗಾಲಿಯ ಒಳಮೈಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಹೆಬ್ಬೆರಳಷ್ಟು ಬೂದು ಉಳಿಸಿದ್ದೇನೆ. ಬಿಚ್ಚಿದಾಗಲೆಲ್ಲ ಸುತ್ತಲೂ ಉಜ್ಜಿ ತೊಳೆದು ಅದೊಂದನ್ನು ಹಾಗೇ ಬಿಟ್ಟಿದ್ದೇನೆ. ಇಷ್ಟು ವರ್ಷ ಅದು ಊರೆಲ್ಲ ಸುತ್ತಿದೆ, ಬಿಸಿಲು ಮಳೆ ಕಂಡಿದೆ.

ಇವತ್ತು ಬೆಳಿಗ್ಗೆ, ನನ್ನ ಕೊನೆಯ ಕೆಲಸವಾಗಿ, ಆ ಗಾಲಿಯನ್ನು ಗೇಟಿನ ಬಳಿ ನಿಂತಿರುವ ಬಸ್ಸಿನ ಮುಂಭಾಗಕ್ಕೆ ಕಟ್ಟಿದ್ದೇನೆ. ಅದರ ಮೇಲಿನ ಸೀಟಿನಲ್ಲಿ ಇಬ್ಬರು ಆರಾಮಾಗಿ ಕೂರಬಹುದು.

ಅಲ್ಯೂಮಿನಿಯಂ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಆಕಳಿಸದೆ ಕೇಳಿದವರಿಗೂ ಆಕಳಿಸಿಕೊಂಡೇ ಕೇಳಿದವರಿಗೂ ಧನ್ಯವಾದಗಳು. ಮೂರನೇ ಸಾಲಿನವರೇ, ನಿಮ್ಮ ಕೈ ತಾಕಿದ ಗಾಲಿ ಅದು. ಕಿಟಕಿ ಪಕ್ಕದ ಜಾಗ ಬಿಟ್ಟು ಕೂತಿರುತ್ತೇನೆ. ನೀನು ಹತ್ತದಿದ್ದರೆ, ನಾನೂ ಇಳಿದು ನಿನ್ನ ಜೊತೆ ನಡೆದೇ ಬರುತ್ತೇನೆ.

ನಮಸ್ಕಾರ.