ತಡಪೆಯ ಬೀಡಿ

ಬೆಳ್ತಂಗಡಿಯ ಒಂದು ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ತಡಪೆ ಎಂಬ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿ ಕಟ್ಟಿ ಆಕೆಯ ಬೆರಳ ತುದಿಗಳು ಕಂದುಬಣ್ಣಕ್ಕೆ ತಿರುಗಿದ್ದವು.

“ಮಾತ್ರೆ ತಿಂದೂ ನಿಮ್ಮ ಕರುಳಿನ ಹುಣ್ಣು ಯಾಕೆ ಒಣಗಲಿಲ್ಲ?” ಆಕೆ ಕೇಳಿದಳು.

“ನಿನ್ನ ಮೀನುಸಾರಿನ ಖಾರಕ್ಕೆ.”

“ಖಾರ ಬಿಟ್ಟು ತಿಂಗಳಾಯ್ತು. ಬೀಡಿ ಎಳೆದ್ರೆ ಆಸಿಡ್ ಹೆಚ್ಚಾಗ್ತದೆ ಅಂತ ಡಾಕ್ಟ್ರು ಹೇಳಿದ್ದಾರೆ.”

“ನಾನು ಬೀಡಿ ತಗೊಳ್ಳುವುದೇ ಇಲ್ಲ ಮಾರಾಯ್ತಿ. ಅಂಗಡಿಯವನನ್ನು ಕೇಳು.”

“ಅಂಗಡಿ ಯಾಕೆ? ನಾನು ಕಟ್ಟಿದ್ದು ತಡಪೆಯಲ್ಲಿ ಉಂಟಲ್ಲ. ಕಡಿಮೆ ಆಗುವಾಗ ಇಲಿ ಅಂದುಕೊಂಡೆ.”

ಆತ ನೆಲ ನೋಡಿದ.

“ಡಾಕ್ಟ್ರಿಗೆ ಹೇಳ್ಬೇಡ.”

“ನಿನ್ನೆಯಿಂದ ಮಲ ಕಪ್ಪಗೆ ಹೋಗ್ತಾ ಉಂಟು ಅಂದ್ರಿ. ಅದು ರಕ್ತ ಆದ್ರೆ?”

ನರ್ಸ್ ಕರೆದಳು, “ಧರ್ಣಪ್ಪ!”

ಆತ ಏಳಲಿಲ್ಲ. ಆಕೆ ಎದ್ದಳು.

“ಬನ್ನಿ. ನಾನು ಕಟ್ಟಿದ್ದನ್ನೇ ನೀವು ಎಳೆದದ್ದು ಅಂತ ನಾನೇ ಹೇಳ್ತೇನೆ.”

ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಆಕೆ ಒಳಗೆ ನಡೆದಳು. ಆತನೂ ಹಿಂದೆ ಹೋದ.