ಉಪಾಧ್ಯಕ್ಷನ ಕೆಲಸ

ವೇದಿಕೆಯ ಮೇಲಿರುವ ಪ್ರಾಂಶುಪಾಲರೇ, ಗುಬ್ಬಿಯಿಂದಲೂ ಬೆಳ್ಳಾವಿಯಿಂದಲೂ ಬಂದಿರುವ ಹಿರಿಯರೇ, ತಾಯಂದಿರೇ, ವೇಷ ಹಾಕಿಕೊಂಡು ಪರದೆಯ ಹಿಂದೆ ಕಾಯುತ್ತಿರುವ ಮಕ್ಕಳೇ,

ನಾನು ಕಾಂತೇಶ. ನಾಲ್ಕನೇ ಕ್ಲಾಸು ಓದಿದವನು. ಕೊಬ್ಬರಿ ಮಂಡಿಯಲ್ಲಿ ಕೆಲಸ. ಮೈಕು ಹಿಡಿದದ್ದು ಇದೇ ಮೊದಲು, ಮಾತು ತಪ್ಪಿದರೆ ನಗಬೇಡಿ. ನಕ್ಕರೂ ಪರವಾಗಿಲ್ಲ, ನನ್ನ ಮಗಳು ಸಿಂಚನಾ ಇದ್ದಿದ್ದರೆ ಮೊದಲು ಅವಳೇ ನಗುತ್ತಿದ್ದಳು.

ಇವತ್ತಿನ ನಾಟಕ ಅಮೆರಿಕದ ಅಧ್ಯಕ್ಷರು ಮತ್ತು ಅವರ ಸಚಿವ ಸಂಪುಟದ್ದು. ಅಧ್ಯಕ್ಷೆಯ ಪಾತ್ರ ಸಿಂಚನಾಳದಾಗಿತ್ತು. ಹೋದ ತಿಂಗಳು ಡೆಂಗಿ ಜ್ವರ ಬಂದು ಹೋಗಿಬಿಟ್ಟಳು. ಅವಳ ಕುರ್ಚಿಯಲ್ಲಿ ಯಾರೂ ಕೂರಬಾರದು ಎಂದು ಗೆಳತಿಯರು ಹಟ ಹಿಡಿದಿದ್ದಾರೆ. ಅವಳ ಬದಲಿಗೆ ಪಾತ್ರದ ಮಾತೆಲ್ಲ ಕಲಿತಿರುವ ಅಕ್ಷತಾ ಒಳಗೆ ಅಳುತ್ತಿದ್ದಾಳೆ. ಅದಕ್ಕೇ ಪ್ರಾಂಶುಪಾಲರು ಎರಡು ಮಾತಾಡಿ ಎಂದು ನನ್ನನ್ನು ಕರೆದರು.

ಅಮೆರಿಕದ ಸಂಗತಿ ನನಗೇನು ಗೊತ್ತು? ಮಗಳು ಹೇಳಿದ್ದಷ್ಟೇ ಗೊತ್ತು. ಮನೆಯಲ್ಲಿ ಎಲ್ಲರೂ ಕೂತು ಕೊಬ್ಬರಿಯ ಚಿಪ್ಪು ಬಿಡಿಸುವಾಗಲೇ ಅವಳ ಸಂಪುಟ ಸಭೆ. ಚಿಪ್ಪಿನಿಂದ ನೆಲ ಕುಟ್ಟಿದಳೆಂದರೆ ಸಭೆ ಶುರು. ಅವಳ ತಾಯಿ ಮಂಜುಶ್ರೀಗೆ ಖಜಾನೆ. ನಮ್ಮ ಅವ್ವ ಸಿದ್ದಲಕ್ಷ್ಮಮ್ಮನಿಗೆ ರಕ್ಷಣೆ.

“ಅಂಗಂದ್ರೆ ನಂಗೇನ್ಲೇ ಕೆಲ್ಸ?” ಎಂದಳು ಅವ್ವ.

“ಸೈನ್ಯ ನೋಡ್ಕೊಳೋದು ಕಣಜ್ಜಿ. ಆದ್ರೆ ದಂಡನಾಯಕಿ ನಾನೇ, ನಾನ್ ಹೇಳ್ದಂಗೆ ಕೇಳ್ಬೇಕು.”

“ಸೈನ್ಯ ಎಲ್ಲೈತೆ? ಕೊಬ್ರಿ ತಿನ್ನೋ ಇಲಿ ಓಡುಸ್ತೀನಿ ಬುಡು.”

ನನ್ನನ್ನು ಉಪಾಧ್ಯಕ್ಷ ಮಾಡಿದಳು. ನನಗೇನು ಕೆಲಸ ಎಂದೆ.

“ಸುಮ್ನೆ ಇರೋದು ಕಣಪ್ಪ. ನನ್ ಪಕ್ಕ ಇದ್ರೆ ಸಾಕು. ನಂಗೇನಾದ್ರೂ ಆದ್ರೆ ಮಾತ್ರ ನನ್ ಕುರ್ಚಿ ನಿಂದು.”

ಪಕ್ಕದಲ್ಲಿ ಇದ್ದರೆ ಸಾಕು! ಇಷ್ಟು ಒಳ್ಳೆಯ ಕೆಲಸ ಇನ್ನೊಂದಿದೆಯೇ, ಸಭಿಕರೇ? ಸಾಯುವತನಕ ಅದನ್ನೇ ಮಾಡಿಕೊಂಡಿರುತ್ತಿದ್ದೆ.

ಆಸ್ಪತ್ರೆಯಲ್ಲೂ ಅವಳು ಅಧಿಕಾರ ಬಿಡಲಿಲ್ಲ. ಸಂಸತ್ತು ಒಪ್ಪಿದ್ದನ್ನೂ ಅಧ್ಯಕ್ಷರು ತಡೆಯಬಹುದಂತೆ. ಗಂಜಿ ಕೊಟ್ಟರೆ “ವೀಟೋ” ಎನ್ನುತ್ತಿದ್ದಳು. ಒಂದು ಸಂಜೆ, “ಅಪ್ಪ, ನಾಟ್ಕಕ್ಕೆ ನಾನ್ ಬರಕ್ಕಾಗ್ದಿದ್ರೂ ನೀನ್ ಇದೀಯಲ್ಲ” ಎಂದಳು.

“ನಿನ್ ಕುರ್ಚಿ ನಂಗ್ಯಾಕೆ ಕಣೇ, ಎದ್ದು ಬಾ” ಎಂದೆ.

ಎದ್ದು ಬರಲಿಲ್ಲ.

ಆ ಕುರ್ಚಿ ಈಗ ಪರದೆಯ ಹಿಂದಿದೆ. ಅವಳು ಹೇಳಿಕೊಟ್ಟ ಕಾನೂನಿನಂತೆ ಅದು ನನ್ನದು. ಮಗಳ ಕುರ್ಚಿಯಲ್ಲಿ ಯಾವ ಅಪ್ಪ ಕೂರುತ್ತಾನೆ? ಆದರೆ ಅದು ಖಾಲಿ ಉಳಿಯಬಾರದೆಂದೇ ಆ ದೇಶದವರು ಉಪಾಧ್ಯಕ್ಷನನ್ನು ಇಟ್ಟುಕೊಂಡಿರುವುದು. ಅಧ್ಯಕ್ಷರು ಸಹಿ ಹಾಕಿ ಆದೇಶ ಹೊರಡಿಸುತ್ತಾರಂತೆ. ನನ್ನದು ಒಂದೇ ಆದೇಶ: ಅಕ್ಷತಾ, ಕಣ್ಣೊರೆಸಿಕೊಂಡು ಕೂತುಕೋ ತಾಯಿ. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ನನಗೆ ಬರುವುದು ಅದೊಂದೇ ಕೆಲಸ.

ಇಷ್ಟು ಹೊತ್ತು ಗದ್ದಲ ಮಾಡದೆ ಕೇಳಿದಿರಿ, ನಿಮ್ಮ ಉಪಕಾರ ಮರೆಯುವುದಿಲ್ಲ. ಪರದೆ ಸರಿಸಿ ಮಕ್ಕಳೇ. ಎಲ್ಲರಿಗೂ ನಮಸ್ಕಾರ.